ರಾತ್ರಿ ಹೊತ್ತು ವೆಬ್‌ಸೈಟು ಮುಚ್ಚುವುದೇಕೆ?

ಕಳೆದ ಸುಗ್ಗಿಯಿಂದೀಚೆಗೆ ಸಂಘದ ಕಛೇರಿಗೆ ಬರುತ್ತಿರುವ ದೂರುಗಳ ಪೈಕಿ ಗೊಬ್ಬರ ತಡವಾಯಿತೆಂಬುದು ಎಂದಿನಂತೆ ಇದೆ, ಗೋಣಿಚೀಲದ ಬೆಲೆ ಹೆಚ್ಚಾಯಿತೆಂಬುದೂ ಇದೆ. ಹೊಸದಾಗಿ ಸೇರಿಕೊಂಡಿರುವ ದೂರು ಒಂದೇ. ರಾತ್ರಿ ಒಂದೂವರೆ ಗಂಟೆಯ ನಂತರ ಸಂಘದ ವೆಬ್‌ಸೈಟು ತೆರೆಯುವುದಿಲ್ಲ. ಸದಸ್ಯರ ಖಾತೆಯಾಗಲಿ, ದಾಸ್ತಾನಿನ ಲೆಕ್ಕವಾಗಲಿ, ಹಿಂದಿನ ದಿನದ ಧಾರಣೆಯಾಗಲಿ ಕಾಣುವುದಿಲ್ಲ. "ನಿರ್ವಹಣೆಯಲ್ಲಿದೆ, ನಂತರ ಪ್ರಯತ್ನಿಸಿ" ಎಂಬ ಒಂದು ಸಾಲು ಮಾತ್ರ ಬರುತ್ತದೆ. ಮೊನ್ನೆ ಮಂಡಿಯ ಜಗಲಿಯಲ್ಲಿ ಹಿರಿಯ ಸದಸ್ಯರೊಬ್ಬರು, "ಏನು ಕಾರ್ಯದರ್ಶಿಗಳೇ, ಕಂಪ್ಯೂಟರಿಗೂ ನಿದ್ದೆ ಬರುತ್ತದೋ?" ಎಂದು ಕೇಳಿದರು. ಅಲ್ಲಿದ್ದವರೆಲ್ಲ ನಕ್ಕರು. ಆದರೆ ಈ ವಿಷಯ ನಗುವಿನಲ್ಲಿ ಮುಗಿಯತಕ್ಕದ್ದಲ್ಲ. ಬರುವ ಸರ್ವಸದಸ್ಯರ ಸಭೆಯಲ್ಲಿ ಇದಕ್ಕೆ ಸಂಬಂಧಿಸಿದ ಒಂದು ಖರ್ಚಿನ ಠರಾವೂ ಮಂಡಿತವಾಗಲಿರುವುದರಿಂದ, ಸಭೆಗೆ ಮುಂಚೆಯೇ ಸದಸ್ಯ ಬಾಂಧವರಿಗೆ ಸಂಗತಿ ತಿಳಿದಿರಲೆಂದು ಇದನ್ನು ಬರೆಯುತ್ತಿದ್ದೇನೆ.

"ರಾತ್ರಿ ಎರಡು ಗಂಟೆಗೆ ವೆಬ್‌ಸೈಟು ನೋಡುವವರು ಯಾರಿದ್ದಾರೆ?" ಎಂದು ಆಡಳಿತ ಮಂಡಳಿಯ ಸಭೆಯಲ್ಲಿಯೇ ಒಬ್ಬರು ಕೇಳಿದ್ದುಂಟು. ಪೇಟೆಯ ಕಛೇರಿಗಳಿಗೆ ಈ ಪ್ರಶ್ನೆ ಸರಿಯಿರಬಹುದು, ನಮ್ಮವರಿಗೆ ಹೊಂದುವುದಿಲ್ಲ. ಕೊನೆ ಕೊಯ್ಲಿನ ಕಾಲದಲ್ಲಿ ಅಡಿಕೆ ಸುಲಿದು ಮುಗಿಯುವಾಗಲೇ ನಡುರಾತ್ರಿ; ಆಮೇಲೆ ಬೇಯಿಸುವ ಹಂಡೆಗೆ ಬೆಂಕಿ. ಒಲೆಯ ಮುಂದೆ ಕುಳಿತವನ ಕೈಯಲ್ಲಿ ಈಗ ಬೀಡಿಯ ಬದಲು ಫೋನಿರುತ್ತದೆ. ಫೆಬ್ರವರಿ, ಮಾರ್ಚ್‌ನಲ್ಲಿ ರೊಬಸ್ಟಾಕ್ಕೆ ಹೂಮಳೆಯ ಬದಲಿಗೆ ಸ್ಪ್ರಿಂಕ್ಲರ್ ಹಾಯಿಸುವವರನ್ನು ಕೇಳಿ ನೋಡಿ. ತ್ರೀಫೇಸ್ ಕರೆಂಟು ರಾತ್ರಿ ಪಾಳಿಯಲ್ಲಿ ಬರುವ ಊರುಗಳಲ್ಲಿ ತೋಟದ ಯಜಮಾನ ಪಂಪ್‌ಸೆಟ್ಟಿನ ಪಕ್ಕದಲ್ಲಿ ಎರಡು ಗಂಟೆಗೂ ಎಚ್ಚರವಾಗಿರುತ್ತಾನೆ. ಗುಡ್ಡದ ಮೇಲಿನ ಕೆಲವು ಮನೆಗಳಿಗೆ ಹಗಲು ಸಿಗದ ಸಿಗ್ನಲ್ ಸಿಗುವುದೇ ಊರೆಲ್ಲ ಮಲಗಿದ ಮೇಲೆ. ಇನ್ನು, ಅಪ್ಪನ ಖಾತೆಯನ್ನು ಅಮೆರಿಕದಿಂದ ನೋಡಿಕೊಳ್ಳುವ ಮಕ್ಕಳಿದ್ದಾರಲ್ಲ, ಚಳಿಗಾಲದಲ್ಲಿ ಅಲ್ಲಿಯ ಪಶ್ಚಿಮ ಕರಾವಳಿಯವರಿಗೆ ನಮ್ಮ ರಾತ್ರಿ ಒಂದೂವರೆ ಎಂದರೆ ನಟ್ಟನಡು ಮಧ್ಯಾಹ್ನ, ಊಟದ ವಿರಾಮ. ಆದುದರಿಂದ ದೂರು ಕೊಟ್ಟವರು ಸುಮ್ಮನೆ ಕೊಟ್ಟಿದ್ದಾರೆಂದು ನಾನು ಭಾವಿಸುವುದಿಲ್ಲ.

ಆದರೆ ಒಂದು ಭೇದವನ್ನು ಮೊದಲು ಗಮನಿಸಬೇಕು. 'ಭೂಮಿ' ಯೋಜನೆಯಲ್ಲಿ ನಮ್ಮ ಪಹಣಿಗಳು ಕಂಪ್ಯೂಟರಿಗೆ ಹೋದಂದಿನಿಂದ "ಸರ್ವರ್ ಡೌನ್" ಎಂಬ ಮಾತನ್ನು ಕನ್ನಡ ನಾಡಿನ ಪ್ರತಿಯೊಬ್ಬ ರೈತನೂ ಕಲಿತಿದ್ದಾನೆ. ನಾಡಕಛೇರಿಯ ಮುಂದೆ ಅರ್ಧ ದಿನ ನಿಂತು ಬರಿಗೈಯಲ್ಲಿ ಬಂದವರು ಆ ಮಾತನ್ನು ಮರೆಯುವುದಿಲ್ಲ. ನಮ್ಮ ವೆಬ್‌ಸೈಟು ರಾತ್ರಿ ಮುಚ್ಚುವುದು ಆ ಜಾತಿಯದಲ್ಲ. ಮಳೆಗಾಲದಲ್ಲಿ ಮರ ಬಿದ್ದು ಕರೆಂಟು ಹೋಗುವುದು ಬೇರೆ. ಮಳೆಗಾಲಕ್ಕೆ ಮುಂಚೆ ಲೈನ್‌ಮನ್ ಬಂದು, ಲೈನ್ ಕ್ಲಿಯರ್ ತೆಗೆದುಕೊಂಡು, ತಂತಿಗೆ ತಾಗುವ ಕೊಂಬೆ ಕಡಿಯುವಾಗ ಕರೆಂಟು ತೆಗೆಯುವುದು ಬೇರೆ. ಎರಡರಲ್ಲಿಯೂ ಮನೆಯಲ್ಲಿ ಕತ್ತಲೆಯೇ. ಎರಡನೆಯದು ಮೊದಲನೆಯದನ್ನು ತಪ್ಪಿಸಲಿಕ್ಕಾಗಿ ಮಾಡಿಕೊಂಡ ಕತ್ತಲೆ. ಸಂಘದ ವೆಬ್‌ಸೈಟು ಒಂದೂವರೆಗೆ ಮುಚ್ಚುವುದು ಲೆಕ್ಕದ ನಕಲು ತೆಗೆಯುವುದಕ್ಕೆ, ಅಂದರೆ ಕಛೇರಿಯ ಹುಡುಗರು 'ಬ್ಯಾಕಪ್' ಎನ್ನುತ್ತಾರಲ್ಲ, ಆ ಕೆಲಸಕ್ಕೆ.

ನಕಲು ತೆಗೆಯಲು ಬಾಗಿಲು ಏಕೆ ಹಾಕಬೇಕು? ಗಣಕಶಾಸ್ತ್ರ ನನ್ನ ವಿಷಯವಲ್ಲ, ಕಾಲೇಜಿನಲ್ಲಿ ಓದಿದ್ದು ಸಸ್ಯಶಾಸ್ತ್ರ. ಆದ್ದರಿಂದ ನಾನು ಅರ್ಥ ಮಾಡಿಕೊಂಡ ರೀತಿಯಲ್ಲಿಯೇ ಹೇಳುತ್ತೇನೆ. ಮಾರ್ಚ್ 31ರಂದು ನಮ್ಮ ಮಂಡಿಯಲ್ಲಿ ದಾಸ್ತಾನು ಎಣಿಕೆ ನಡೆಯುತ್ತದೆ. ಅಂದು ತೂಕ ಇರುವುದಿಲ್ಲ, ಲಾರಿ ಒಳಗೆ ಬಿಡುವುದಿಲ್ಲ. ಯಾಕೆ? ಮೊದಲನೇ ಗೋದಾಮಿನಲ್ಲಿ ರಾಶಿ ಅಡಿಕೆಯ ಚೀಲಗಳನ್ನು ಎಣಿಸಿ ಬರೆದುಕೊಂಡು ಎರಡನೇ ಗೋದಾಮಿಗೆ ಹೋಗುವಷ್ಟರಲ್ಲಿ ಹಮಾಲರು ಇಪ್ಪತ್ತು ಚೀಲವನ್ನು ಮೊದಲನೆಯದರಿಂದ ಎರಡನೆಯದಕ್ಕೆ ಸಾಗಿಸಿದರೆ ಆ ಇಪ್ಪತ್ತು ಚೀಲ ಎರಡು ಸಲ ಎಣಿಕೆಯಾಗುತ್ತದೆ. ತಿರುಗುಮುರುಗಾಗಿ ಸಾಗಿಸಿದರೆ ಒಂದು ಸಲವೂ ಎಣಿಕೆಯಾಗುವುದಿಲ್ಲ. ಎಣಿಸಿದವನದು ತಪ್ಪಿಲ್ಲ, ಸಾಗಿಸಿದವನದೂ ತಪ್ಪಿಲ್ಲ, ಲೆಕ್ಕ ಮಾತ್ರ ಸುಳ್ಳು.

ಕಂಪ್ಯೂಟರಿನೊಳಗಿನ ಲೆಕ್ಕವೂ ಒಂದೇ ಪುಸ್ತಕದಲ್ಲಿರುವುದಿಲ್ಲ. ದಾಸ್ತಾನಿನದೊಂದು ಕೋಷ್ಟಕ, ಸದಸ್ಯರ ಜಮಾ ಖರ್ಚಿನದೊಂದು, ಸಾಲದ್ದೊಂದು, ಗೊಬ್ಬರ ಔಷಧಿಯದ್ದೊಂದು, ಹೀಗೆ ಹತ್ತಾರು. ನಕಲು ತೆಗೆಯುವ ಪ್ರೋಗ್ರಾಂ ಒಂದಾದ ಮೇಲೊಂದನ್ನು ಓದಿಕೊಂಡು ಹೋಗುತ್ತದೆ. ಜಮಾ ಖರ್ಚಿನ ಕೋಷ್ಟಕವನ್ನು ಓದಿ ಮುಗಿಸಿ ದಾಸ್ತಾನಿಗೆ ಬರುವ ಮಧ್ಯೆ ಒಬ್ಬ ಸದಸ್ಯರ ಐದು ಚೀಲ ಬೆಟ್ಟೆ ಮಾರಾಟವಾಯಿತೆಂದು ದಾಖಲಾದರೆ, ನಕಲಿನಲ್ಲಿ ಅವರ ಐದು ಚೀಲವೂ ಇರುವುದಿಲ್ಲ, ಐದು ಚೀಲದ ಹಣವೂ ಇರುವುದಿಲ್ಲ. ಆ ನಕಲು ನಾಳೆ ನಮ್ಮ ಕೈಗೆ ಬರುವುದು ಮೂಲ ಲೆಕ್ಕ ಹಾಳಾದ ದಿನ. ಅಂದು ಆ ಸದಸ್ಯರಿಗೆ ನಾವು ಯಾವ ಮುಖದಿಂದ ಉತ್ತರ ಹೇಳುವುದು? ಆದುದರಿಂದ ನಮ್ಮ ಪ್ರೋಗ್ರಾಂ ಬಾಗಿಲು ಹಾಕಿ, ಒಳಗೆ ಯಾರೂ ಕೈಯಾಡಿಸದಂತೆ ಮಾಡಿ, ಪೂರ್ತಿ ಓದಿ, ಮತ್ತೆ ಬಾಗಿಲು ತೆರೆಯುತ್ತದೆ.

ಇದು ನಮ್ಮಂಥ ಸಣ್ಣ ಸಂಘದ ಬಡತನದ ಲಕ್ಷಣವೆಂದು ತಿಳಿಯಬೇಡಿ. ರೈಲ್ವೆ ಟಿಕೇಟು ಕಾಯ್ದಿರಿಸುವ ಐಆರ್‌ಸಿಟಿಸಿ ವೆಬ್‌ಸೈಟನ್ನು ಬಳಸಿದವರಿಗೆ ಗೊತ್ತು, ರಾತ್ರಿ 11.45ಕ್ಕೆ ಮುಚ್ಚಿ 12.20ಕ್ಕೆ ತೆರೆಯುವ ಪದ್ಧತಿ ಅಲ್ಲಿ ಬಹುಕಾಲದಿಂದ ಇದೆ. ಅದಕ್ಕೂ ಮುಂಚೆ ಪೂರ್ತಿ ಒಂದು ಗಂಟೆ ಮುಚ್ಚುತ್ತಿತ್ತು. ದಿನ ಬದಲಾಗುವಾಗಿನ ಲೆಕ್ಕ, ನಿರ್ವಹಣೆ ಎಲ್ಲ ಆ ಅರ್ಧ ಗಂಟೆಯಲ್ಲಿ. ದೇಶದ ಕೋಟ್ಯಂತರ ಪ್ರಯಾಣಿಕರು ಅದಕ್ಕೆ ಹೊಂದಿಕೊಂಡಿದ್ದಾರೆ. ಬ್ಯಾಂಕಿನ ನೆಫ್ಟ್ ವ್ಯವಸ್ಥೆಯೂ ಒಂದು ಕಾಲಕ್ಕೆ ಕೆಲಸದ ದಿನಗಳಲ್ಲಿ ಗೊತ್ತಾದ ವೇಳೆಯಲ್ಲಿ ಮಾತ್ರ ನಡೆಯುತ್ತಿತ್ತು. 2019ರ ಡಿಸೆಂಬರ್ 16ರಿಂದ ರಿಸರ್ವ್ ಬ್ಯಾಂಕು ಅದನ್ನು ಹಗಲೂ ರಾತ್ರಿ, ಭಾನುವಾರವೂ ನಡೆಯುವಂತೆ ಮಾಡಿತು. ದೊಡ್ಡ ಮೊತ್ತದ ಆರ್‌ಟಿಜಿಎಸ್ ಮರುವರ್ಷ ಡಿಸೆಂಬರ್ 14ರಿಂದ ಹಾಗಾಯಿತು. ಅಂದರೆ ಮುಚ್ಚದೆ ನಡೆಸುವುದು ಸಾಧ್ಯವಿದೆ. ಅದಕ್ಕೆ ಎರಡೆರಡು ಕಡೆ ಯಂತ್ರ, ಹಗಲಿರುಳು ಕಾಯುವ ಜನ, ಅದಕ್ಕೆ ತಕ್ಕ ಹಣ ಬೇಕು.

ನಮಗೆ ಅಷ್ಟು ಬೇಡ. ನಡುವಿನ ದಾರಿಯೊಂದಿದೆ, ಠರಾವು ಬರುವುದು ಅದರ ಬಗ್ಗೆಯೇ. ನಮ್ಮ ಲೆಕ್ಕವಿರುವುದು ಮೈಎಸ್‌ಕ್ಯೂಎಲ್ ಎಂಬ ದತ್ತಾಂಶ ವ್ಯವಸ್ಥೆಯಲ್ಲಿ. ಅದರಲ್ಲಿ ಕೋಷ್ಟಕಗಳನ್ನು ಇಡುವ ಕ್ರಮದಲ್ಲಿ ಹಳೆಯದು, ಹೊಸದು ಎಂದು ಎರಡು ಬಗೆ. ಹಳೆಯ ಬಗೆಯಲ್ಲಿ ಸರಿಯಾದ ನಕಲು ಬೇಕಾದರೆ ಬೀಗ ಹಾಕಲೇಬೇಕು. ಇನ್ನೋಡಿಬಿ ಎಂಬ ಹೊಸ ಬಗೆ 2010ರಲ್ಲಿ ಬಂದ 5.5ನೇ ಆವೃತ್ತಿಯಿಂದ ತಾನಾಗಿಯೇ ಬಳಕೆಗೆ ಬರುವಂತಾಗಿದೆ. ಅದರಲ್ಲಿ ಬೀಗದ ಅಗತ್ಯವಿಲ್ಲ. ಜಾಣ ಗುಮಾಸ್ತನೊಬ್ಬ ಒಂದೂವರೆ ಗಂಟೆಗೆ ಸರಿಯಾಗಿ ಎಲ್ಲ ಖಾತೆಗಳ ಕೆಳಗೂ ಒಂದು ಗೆರೆ ಎಳೆದನೆಂದು ಭಾವಿಸಿ. ಗೆರೆಯ ಮೇಲಿರುವುದನ್ನು ಮಾತ್ರ ಅವನು ನಿಧಾನವಾಗಿ ನಕಲು ಮಾಡುತ್ತ ಹೋಗುತ್ತಾನೆ. ಗೆರೆಯ ಕೆಳಗೆ ವ್ಯವಹಾರ ತನ್ನಷ್ಟಕ್ಕೆ ನಡೆದಿರುತ್ತದೆ. ಪೋಸ್ಟ್‌ಗ್ರೆಸ್ ಎಂಬ ಇನ್ನೊಂದು ವ್ಯವಸ್ಥೆಯೂ ಇದೇ ರೀತಿ ಮಾಡುತ್ತದೆ. ನಮಗೆ ಪ್ರೋಗ್ರಾಂ ಬರೆದುಕೊಟ್ಟವರು, ಹೆಸರು ಬೇಡ, ಹೊಸ ಬಗೆ ಬಂದು ಎಷ್ಟೋ ವರ್ಷಗಳಾಗಿದ್ದರೂ ಹಳೆಯ ಬಗೆಯಲ್ಲಿಯೇ ಕಟ್ಟಿಕೊಟ್ಟರು. ಹಳೆಯ ಪಲ್ಪರಿಗೆ ಹೊಸ ಬಣ್ಣ ಬಳಿದು ಮಾರಿದ ಹಾಗೆ.

ಅವರದೇ ಇನ್ನೊಂದು ಪ್ರತಾಪವನ್ನು ಹಳೆಯ ಸದಸ್ಯರು ಮರೆತಿರಲಾರರು. ಮೊದಲ ವರ್ಷ ವೆಬ್‌ಸೈಟು ಮುಚ್ಚುತ್ತಿದ್ದುದು ಬೆಳಗಿನ ಐದೂವರೆಗೆ. ಹಾಲು ಕರೆದು, ಕಾಫಿ ಕುಡಿದು, ಕೂಲಿಯವರು ಬರುವ ಮುನ್ನ ಧಾರಣೆ ನೋಡೋಣವೆಂದು ಫೋನು ತೆರೆದರೆ ಬಾಗಿಲು ಹಾಕಿರುತ್ತಿತ್ತು. ವಿಚಾರಿಸಿದಾಗ "ನಡುರಾತ್ರಿಗೆ ಇಟ್ಟಿದ್ದೇವೆ ಸಾರ್" ಎಂಬ ಉತ್ತರ. ನಡುರಾತ್ರಿ ಎಲ್ಲಿಯದು? ಸರ್ವರಿನ ಗಡಿಯಾರವನ್ನು ಅಂತರರಾಷ್ಟ್ರೀಯ ವೇಳೆಗೆ ಇಟ್ಟಿದ್ದರು. ಗ್ರೀನಿಚ್ಚಿನ ರಾತ್ರಿ ಹನ್ನೆರಡು ಎಂದರೆ ನಮ್ಮ ಬೆಳಗಿನ ಐದೂವರೆ. ಇದನ್ನು ಸರಿಪಡಿಸಲು ಒಂದು ಅಂಕಿ ಬದಲಿಸಿದರೆ ಸಾಕಿತ್ತು. ಬದಲಿಸಲು ನಾಲ್ಕು ತಿಂಗಳು ಹಿಡಿಯಿತು. ಅವರ ಗುತ್ತಿಗೆ ಈಗ ಮುಗಿದಿದೆ.

ಮುಚ್ಚುವ ಅವಧಿ ಬೆಳೆಯುತ್ತ ಹೋದದ್ದಕ್ಕೂ ಕಾರಣವುಂಟು. ಆರಂಭದಲ್ಲಿ ಕಾಲು ಗಂಟೆಯಲ್ಲಿ ಮುಗಿಯುತ್ತಿದ್ದ ಕೆಲಸ ಈ ಸುಗ್ಗಿಯಲ್ಲಿ ಒಂದು ಗಂಟೆಯನ್ನು ದಾಟಿತು. ಸದಸ್ಯರ ಸಂಖ್ಯೆ ಅಷ್ಟು ಬೆಳೆದಿಲ್ಲ, ಬೆಳೆದದ್ದು ಚಿತ್ರಗಳು. ಪಹಣಿಯ ಚಿತ್ರ, ಪಾಸ್‌ಬುಕ್ಕಿನ ಚಿತ್ರ, ಪ್ರತಿ ತೂಕದ ಚೀಟಿಯ ಚಿತ್ರ, ಚೆರ್ರಿಯ ಗೋಣಿಗೆ ಕಟ್ಟಿದ ಪಟ್ಟಿಯ ಚಿತ್ರ, ಎಲ್ಲವನ್ನೂ ಸಂಗ್ರಹಣಾ ಕೇಂದ್ರದವರು ಫೋನಿನಲ್ಲಿ ತೆಗೆದು ಏರಿಸುತ್ತಾರೆ. ಅಂಕಿ ಅಂಶ ಎಷ್ಟಿದ್ದರೂ ಹಗುರ. ಒಂದು ಚಿತ್ರದ ಜಾಗದಲ್ಲಿ ಸಾವಿರಾರು ಸಾಲು ಲೆಕ್ಕ ಹಿಡಿಯುತ್ತದೆ. ಹೀಗಿರುವಾಗ, ಮೂರು ವರ್ಷದ ಹಿಂದೆ ತೆಗೆದ, ಇನ್ನೆಂದೂ ಬದಲಾಗದ ಚೀಟಿಯ ಚಿತ್ರವನ್ನೂ ಆ ಪ್ರೋಗ್ರಾಂ ಪ್ರತಿ ರಾತ್ರಿ ಹೊಸದಾಗಿ ನಕಲು ಮಾಡುತ್ತಿತ್ತು. ಅದೂ ಬಾಗಿಲು ಹಾಕಿಕೊಂಡು! ಹೊಸ ಗುತ್ತಿಗೆದಾರರೊಂದಿಗೆ ಕುಳಿತು ಈ ಕ್ರಮವನ್ನು ಬದಲಿಸುತ್ತಿದ್ದೇವೆ. ಪೂರ್ತಿ ನಕಲು ವಾರಕ್ಕೊಮ್ಮೆ, ಭಾನುವಾರ ರಾತ್ರಿ. ಉಳಿದ ದಿನ ಅಂದು ಸೇರಿದ್ದು, ಬದಲಾದದ್ದು ಮಾತ್ರ. ಚಿತ್ರಗಳ ನಕಲಿಗೆ ಬಾಗಿಲು ಹಾಕುವ ಅಗತ್ಯವೇ ಇಲ್ಲ, ಒಮ್ಮೆ ಏರಿಸಿದ ಚಿತ್ರವನ್ನು ಯಾರೂ ತಿದ್ದುವುದಿಲ್ಲವಷ್ಟೆ. ಇದಕ್ಕೆ ಹೆಚ್ಚಿನ ಖರ್ಚಿಲ್ಲ.

ಈ ವಾರದ ಮತ್ತು ದಿನದ ಕ್ರಮದಲ್ಲಿ ಒಂದು ತೊಡಕಿದೆ, ಅದನ್ನೂ ಹೇಳಬೇಕು. ಶುಕ್ರವಾರ ಲೆಕ್ಕ ಕೆಟ್ಟರೆ ಭಾನುವಾರದ ಪೂರ್ತಿ ನಕಲನ್ನು ಹಾಕಿ, ಅದರ ಮೇಲೆ ಸೋಮವಾರದಿಂದ ಗುರುವಾರದವರೆಗಿನ ತುಂಡುಗಳನ್ನು ಕ್ರಮವಾಗಿ ಜೋಡಿಸಬೇಕು. ಮಧ್ಯದ ಒಂದು ತುಂಡು ಕೆಟ್ಟಿದ್ದರೆ ಅದರಿಂದ ಮುಂದಿನದು ನಿಲ್ಲುವುದಿಲ್ಲ. ಆದುದರಿಂದಲೇ ಎರಡು ಭಾನುವಾರದ ನಕಲುಗಳು ಸದಾ ಕೈಯಲ್ಲಿರಬೇಕೆಂದು ಗೊತ್ತುಮಾಡಿದ್ದೇವೆ.

ಈ ಮಧ್ಯೆ ಕೆಲವು ಸದಸ್ಯರು, ಅವರಲ್ಲಿ ಇಬ್ಬರು ಆಡಳಿತ ಮಂಡಳಿಯವರೇ, ಡಿಸೆಂಬರಿನಿಂದ ಮಾರ್ಚಿನವರೆಗೆ ನಕಲು ತೆಗೆಯುವುದನ್ನೇ ನಿಲ್ಲಿಸಿದರೆ ಹೇಗೆ ಎಂದು ಸಲಹೆ ಮಾಡಿದ್ದಾರೆ. ಸುಗ್ಗಿ ಮುಗಿದ ಮೇಲೆ ಸಾವಕಾಶವಾಗಿ ಒಮ್ಮೆ ತೆಗೆದರಾಯಿತು ಎಂಬ ವಾದ. ಇದನ್ನು ನಾನು ಸ್ಪಷ್ಟವಾಗಿ ವಿರೋಧಿಸುತ್ತೇನೆ. ವರ್ಷದ ವ್ಯವಹಾರದ ಬಹುಪಾಲು ನಡೆಯುವುದೇ ಆ ನಾಲ್ಕು ತಿಂಗಳಲ್ಲಿ. ಕೊಳೆರೋಗ ಬರುವ ಆಷಾಢದಲ್ಲಿ ಬೋರ್ಡೋ ಹೊಡೆಯುವುದನ್ನು ಬಿಟ್ಟು ಬೇಸಿಗೆಯಲ್ಲಿ ಹೊಡೆದ ಹಾಗಾಗುತ್ತದೆ.

ನಕಲು ಇಲ್ಲದೆ ಹೋದರೆ ಏನಾಗುತ್ತದೆಂಬುದಕ್ಕೆ ದೂರದ ಉದಾಹರಣೆ ಬೇಕಿದ್ದರೆ ದಕ್ಷಿಣ ಕೊರಿಯಾದ್ದಿದೆ. 2025ರ ಸೆಪ್ಟೆಂಬರ್ 26ರಂದು ಅಲ್ಲಿಯ ಡೇಜಾನ್ ನಗರದ ಸರ್ಕಾರಿ ದತ್ತಾಂಶ ಕೇಂದ್ರದಲ್ಲಿ ಲಿಥಿಯಂ ಬ್ಯಾಟರಿಗಳಿಗೆ ಬೆಂಕಿ ಹತ್ತಿತು. ನೂರಾರು ಸರ್ಕಾರಿ ಸೇವೆಗಳು ನಿಂತವು. ಸರ್ಕಾರಿ ನೌಕರರು ತಮ್ಮ ಕೆಲಸದ ಕಡತಗಳನ್ನು ಇಟ್ಟುಕೊಳ್ಳುತ್ತಿದ್ದ 'ಜಿ-ಡ್ರೈವ್' ಎಂಬ ಉಗ್ರಾಣ ಸುಟ್ಟುಹೋಯಿತು. 858 ಟೆರಾಬೈಟ್ ಮಾಹಿತಿ. ಇಷ್ಟು ದೊಡ್ಡದಕ್ಕೆ ಹೊರಗಿನ ನಕಲು ಇಡುವುದು ಕಷ್ಟವೆಂದು ಇಟ್ಟಿರಲಿಲ್ಲ. ಕಂಪ್ಯೂಟರ್ ವಿದ್ಯೆಯಲ್ಲಿ ಜಗತ್ತಿಗೇ ಹೆಸರಾದ ದೇಶ! ಅದಕ್ಕೆ ಮುಂಚೆ 2021ರ ಮಾರ್ಚ್ 10ರ ನಡುರಾತ್ರಿ ಕಳೆದ ಮೇಲೆ ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಓವಿಎಚ್ ಕಂಪೆನಿಯ ಸರ್ವರ್ ಕಟ್ಟಡವೊಂದು ಪೂರ್ತಿ ಸುಟ್ಟಿತು. ಅಲ್ಲಿ ನಕಲು ಇಟ್ಟಿದ್ದ ಗ್ರಾಹಕರೂ ಇದ್ದರು; ಆದರೆ ಕೆಲವರ ಮೂಲವೂ ನಕಲೂ ಒಂದೇ ಸ್ಥಳದಲ್ಲಿದ್ದವು. 2018ರ ಆಗಸ್ಟಿನಲ್ಲಿ ಕೊಡಗಿನ ಗುಡ್ಡಗಳು ಜರಿದಾಗ ಮನೆಯನ್ನೂ ಮನೆಯೊಳಗಿನ ಕಾಗದಪತ್ರವನ್ನೂ ಒಟ್ಟಿಗೆ ಕಳೆದುಕೊಂಡ ಬೆಳೆಗಾರರನ್ನು ನೆನೆದರೆ, ನಕಲನ್ನು ಬೇರೆ ಕಟ್ಟಡದಲ್ಲಿ ಇಡಬೇಕೆಂಬ ಮಾತಿಗೆ ನಮಗೆ ಫ್ರಾನ್ಸಿನ ಸಾಕ್ಷಿಯೂ ಬೇಕಾಗಿಲ್ಲ.

ಆದರೆ ನನ್ನ ಮನಸ್ಸಿನಲ್ಲಿ ಹೆಚ್ಚಾಗಿ ಉಳಿದಿರುವುದು ಬೆಂಕಿಯ ಕಥೆಗಳಲ್ಲ. ಗಿಟ್‌ಲ್ಯಾಬ್ ಎಂಬುದು ಪ್ರೋಗ್ರಾಂ ಬರೆಯುವವರು ತಮ್ಮ ಬರಹವನ್ನು ಇಟ್ಟುಕೊಳ್ಳುವ ಉಗ್ರಾಣದಂಥ ಸಂಸ್ಥೆ. ಅಲ್ಲಿ ಮುಖ್ಯ ದತ್ತಾಂಶವೊಂದು, ಅದರ ಜೊತೆಗೇ ಪಡಿಯಚ್ಚಾಗಿ ನಡೆಯುವ ಎರಡನೆಯದೊಂದು ಇದ್ದವು. 2017ರ ಜನವರಿ 31ರ ರಾತ್ರಿ ಎರಡನೆಯದು ಸರಿಯಾಗಿ ನಡೆಯದೆ ಹೋದಾಗ ಅಲ್ಲಿಯ ಇಂಜಿನಿಯರೊಬ್ಬರು ಅದರೊಳಗಿನದನ್ನು ಅಳಿಸಿ ಹೊಸದಾಗಿ ಆರಂಭಿಸಲು ಹೊರಟರು. ಆಜ್ಞೆ ಹೋದದ್ದು ಮುಖ್ಯ ದತ್ತಾಂಶಕ್ಕೆ. ಒಂದೆರಡು ಕ್ಷಣದಲ್ಲಿ ಅರಿವಾಗಿ ನಿಲ್ಲಿಸುವಷ್ಟರಲ್ಲಿ ಸುಮಾರು 300 ಗಿಗಾಬೈಟಿನಲ್ಲಿ ಉಳಿದದ್ದು 4.5 ಮಾತ್ರ. ಆಗಲಿ, ನಕಲುಗಳಿವೆಯಲ್ಲ ಎಂದು ತೆರೆದು ನೋಡಿದರೆ ಪ್ರತಿದಿನ ತೆಗೆಯುವ ನಕಲಿನ ಪೆಟ್ಟಿಗೆ ಖಾಲಿ. ದತ್ತಾಂಶ ವ್ಯವಸ್ಥೆಯ ಆವೃತ್ತಿ 9.6, ನಕಲು ತೆಗೆಯುವ ಪ್ರೋಗ್ರಾಂ ಮಾತ್ರ 9.2, ಎರಡಕ್ಕೂ ಹೊಂದದೆ ಆ ಕೆಲಸ ಸೋಲುತ್ತಲೇ ಇತ್ತು. ಸೋತಿದೆಯೆಂದು ತಿಳಿಸುವ ಮಿಂಚಂಚೆಗಳನ್ನು ಅಂಚೆಯ ವ್ಯವಸ್ಥೆ ತಿರಸ್ಕರಿಸುತ್ತಿತ್ತು, ಯಾರಿಗೂ ತಲುಪಲಿಲ್ಲ. ಐದು ಬಗೆಯ ರಕ್ಷಣೆ ಇತ್ತು. ಆ ರಾತ್ರಿ ನೆಚ್ಚಿದ ಹಾಗೆ ಒಂದೂ ಒದಗಲಿಲ್ಲ. ಕಡೆಗೆ ಬೇರಾವುದೋ ಪರೀಕ್ಷೆಗೆಂದು ಸುಮಾರು ಆರು ಗಂಟೆ ಮುಂಚೆ ಕೈಯಾರೆ ತೆಗೆದಿಟ್ಟಿದ್ದ ಪ್ರತಿಯೊಂದು ಸಿಕ್ಕಿತು, ಅದರಿಂದ ಬದುಕಿದರು. ಆ ಆರು ಗಂಟೆಯ ಕೆಲಸ ಹೋದದ್ದು ಹೋಯಿತು. ಸಂಸ್ಥೆಯವರು ಇದೆಲ್ಲವನ್ನೂ ಮುಚ್ಚಿಡದೆ ತಾವೇ ವಿವರವಾಗಿ ಪ್ರಕಟಿಸಿದರು. ಅವರ ಬಗ್ಗೆ ನನಗೆ ಗೌರವ ಬಂದದ್ದು ಅದರಿಂದ.

ನಮ್ಮ ದೇಶದಲ್ಲಿ ಒಳ್ಳೆಯ ಉದಾಹರಣೆಯೂ ಇದೆ. 2022ರ ನವೆಂಬರ್ 23ರಂದು ದೆಹಲಿಯ ಏಮ್ಸ್ ಆಸ್ಪತ್ರೆಯ ಸರ್ವರುಗಳಿಗೆ ಕಳ್ಳರು ನುಗ್ಗಿ, ಒಳಗಿನ ಮಾಹಿತಿಯನ್ನು ಓದಲಾಗದಂತೆ ಮಾಡಿಬಿಟ್ಟರು. ಸುಮಾರು ಎರಡು ವಾರ ರೋಗಿಗಳ ನೋಂದಣಿ, ರಕ್ತಪರೀಕ್ಷೆಯ ವರದಿ ಎಲ್ಲ ಕಾಗದದ ಮೇಲೆ ನಡೆಯಿತು. ಆದರೆ ಇ-ಹಾಸ್ಪಿಟಲ್ ವ್ಯವಸ್ಥೆಯ ಮಾಹಿತಿಯನ್ನೆಲ್ಲ, ತೊಂದರೆ ತಗಲದೆ ಉಳಿದಿದ್ದ ಒಂದು ಬ್ಯಾಕಪ್ ಸರ್ವರಿನಿಂದ ಮರಳಿ ಪಡೆದು ಹೊಸ ಸರ್ವರುಗಳಿಗೆ ಹಾಕಲಾಯಿತೆಂದು ಸರ್ಕಾರ ಸಂಸತ್ತಿಗೆ ತಿಳಿಸಿತು. ನಮ್ಮ ಸಂಘಕ್ಕೆ ಇಂಥ ಕಳ್ಳರು ಬರಲಾರರೆಂದು ಯಾರೂ ನಂಬಿ ಕೂರಬೇಡಿ. ಈ ಕಳ್ಳರು ಮನೆ ನೋಡಿ ಬರುವವರಲ್ಲ, ಬೀಗ ಹಾಕದ ಬಾಗಿಲು ಹುಡುಕಿಕೊಂಡು ಬರುವವರು. ಇದಕ್ಕಾಗಿಯೇ ನಕಲಿನ ಒಂದು ಡಿಸ್ಕನ್ನು ತಂತಿ ಕಿತ್ತು ಇಡಬೇಕು. ಸದಾ ಸಿಕ್ಕಿಸಿಯೇ ಇರುವ ಡಿಸ್ಕು ಮೂಲದ ಜೊತೆಗೇ ಹಾಳಾಗುತ್ತದೆ.

ಗಿಟ್‌ಲ್ಯಾಬಿನ ವರದಿ ಓದಿದ ಮೇಲೆ ನಮ್ಮ ಸಂಘದಲ್ಲಿಯೂ ಒಂದು ಪರೀಕ್ಷೆ ಮಾಡಿಸಬೇಕೆನಿಸಿತು. ಹೋದ ಜೂನ್‌ನಲ್ಲಿ, ಮಳೆ ಹಿಡಿದು ಕಛೇರಿಯಲ್ಲಿ ಜನ ಕಡಿಮೆಯಿದ್ದ ವಾರ, ರಾತ್ರಿಯ ನಕಲನ್ನು ಬೇರೊಂದು ಕಂಪ್ಯೂಟರಿಗೆ ಹಾಕಿ ತೆರೆಸಿದೆವು. ಲೆಕ್ಕ ವಿಭಾಗದ ಹೆಣ್ಣುಮಗಳು ಚೀಟಿ ಎತ್ತಿದಂತೆ ಹತ್ತು ಸದಸ್ಯರ ಹೆಸರನ್ನು ಆರಿಸಿ, ಅವರ ಖಾತೆಯನ್ನು ಸಾಲು ಸಾಲಾಗಿ ದಿನವಹಿಯೊಂದಿಗೆ ತಾಳೆ ನೋಡಿದರು. ಅಂಕಿಗಳೆಲ್ಲ ಸರಿಬಂದವು. ಆಮೇಲೆ ತೂಕದ ಚೀಟಿಯ ಚಿತ್ರಗಳನ್ನು ತೆರೆದರೆ, ಜನವರಿ ನಡುವಿನಿಂದ ಫೆಬ್ರವರಿ ಕೊನೆಯವರೆಗಿನ ಚಿತ್ರ ಒಂದೂ ಇರಲಿಲ್ಲ. ಹಿಂದಿನ ಗುತ್ತಿಗೆದಾರರು ಜನವರಿಯಲ್ಲಿ ಚಿತ್ರಗಳಿಗೆ ಹೊಸ ಕಡತವೊಂದನ್ನು ತೆರೆದಿದ್ದರು, ನಕಲು ತೆಗೆಯುವ ಪ್ರೋಗ್ರಾಮಿಗೆ ಅದರ ಹೆಸರನ್ನು ಹೇಳಿರಲಿಲ್ಲ; ಮಾರ್ಚಿನಲ್ಲಿ ಮತ್ತೆ ಹಳೆಯದಕ್ಕೇ ಬಂದಿದ್ದರು. ಪ್ರತಿ ರಾತ್ರಿ ಬಾಗಿಲು ಹಾಕಿದ್ದು ನಿಜ, ಪ್ರತಿ ಬೆಳಿಗ್ಗೆ "ಬ್ಯಾಕಪ್ ಯಶಸ್ವಿ" ಎಂಬ ಸಾಲು ಬಂದದ್ದೂ ನಿಜ. ಆ ಆರು ವಾರದ ಚಿತ್ರಗಳು ಮಾತ್ರ ಒಂದೇ ಯಂತ್ರದಲ್ಲಿ ದೇವರ ಮೇಲೆ ಭಾರ ಹಾಕಿಕೊಂಡು ಕುಳಿತಿದ್ದವು. ಯಂತ್ರ ಕೆಡಲಿಲ್ಲ, ಆ ದಿನವೇ ಎಲ್ಲಕ್ಕೂ ನಕಲು ತೆಗೆಸಿದೆವು. ಅದೇ ಯಂತ್ರದ ಡಿಸ್ಕು ಗೌರಿ ಹಬ್ಬಕ್ಕೆ ಮುಂಚೆ ಒಂದು ಗುಡುಗಿನ ರಾತ್ರಿ ಸುಟ್ಟುಹೋಯಿತು ಎಂಬುದನ್ನು ಎಲ್ಲ ಸದಸ್ಯರೂ ತಿಳಿದಿರಲಿಕ್ಕಿಲ್ಲ; ಎರಡು ದಿನದಲ್ಲಿ ವ್ಯವಹಾರ ಮೊದಲಿನಂತಾದ್ದರಿಂದ ಯಾರಿಗೂ ಗೊತ್ತಾಗಲಿಲ್ಲ.

ಆದುದರಿಂದ ಸದಸ್ಯ ಬಾಂಧವರಲ್ಲಿ ನನ್ನದೊಂದು ವಿನಂತಿ. ರಾತ್ರಿ ಎಷ್ಟು ಹೊತ್ತು ಮುಚ್ಚುತ್ತೀರಿ ಎಂದು ಕೇಳಿ, ಕೇಳುವುದು ನಿಮ್ಮ ಹಕ್ಕು. ಅದರ ಜೊತೆಗೆ, ನಕಲನ್ನು ಕಡೆಯ ಬಾರಿ ತೆರೆದು ನೋಡಿದ್ದು ಯಾವಾಗ ಎಂದೂ ಕೇಳಿ. ನಮ್ಮ ಸಂಘದಲ್ಲಿ ಮಾತ್ರವಲ್ಲ, ನೀವು ವ್ಯವಹರಿಸುವ ಇತರ ಸೊಸೈಟಿಗಳಲ್ಲಿಯೂ ಕೇಳಿ. ದೇಶದ 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳನ್ನು ಕಂಪ್ಯೂಟರೀಕರಣ ಮಾಡುವ ಯೋಜನೆಗೆ ಕೇಂದ್ರ ಸಚಿವ ಸಂಪುಟ 2022ರ ಜೂನ್‌ನಲ್ಲಿ 2,516 ಕೋಟಿ ರೂಪಾಯಿಯ ಒಪ್ಪಿಗೆ ಕೊಟ್ಟಿತು. ಪಾಸ್‌ಬುಕ್ಕಿನ ಕಾಲ ಸರಿಯುತ್ತಿದೆ. ನಮ್ಮ ಸಾಲವೂ ಜಮೆಯೂ ಎಲ್ಲೋ ಇರುವ ಯಂತ್ರದ ನೆನಪಿನ ಮೇಲೆ ನಿಂತಿರುವ ಕಾಲದಲ್ಲಿ ಈ ಪ್ರಶ್ನೆ ಕೇಳುವವರು ಪ್ರತಿ ಸಂಘದಲ್ಲಿಯೂ ನಾಲ್ಕು ಜನರಾದರೂ ಇರಬೇಕು.

ಈಗ ಮಾಡಿರುವ ಏರ್ಪಾಡನ್ನು ಹೇಳಿಬಿಡುತ್ತೇನೆ. ಛಾಯಾಗ್ರಾಹಕ ಪೀಟರ್ ಕ್ರೋಘ್ ಹೇಳಿದ ಲೆಕ್ಕವೊಂದು ಈ ಕ್ಷೇತ್ರದಲ್ಲಿ ಪ್ರಚಾರದಲ್ಲಿದೆ: ಒಟ್ಟು ಮೂರು ಪ್ರತಿ, ಎರಡು ಬೇರೆ ಬಗೆಯ ಸಾಧನಗಳಲ್ಲಿ, ಒಂದು ಬೇರೆ ಊರಿನಲ್ಲಿ. ಅದರಂತೆ ಮೂಲವಲ್ಲದೆ ಒಂದು ನಕಲು ಬಾಡಿಗೆ ಸರ್ವರಿನಲ್ಲಿ, ಇನ್ನೊಂದು ತಂತಿ ಕಿತ್ತ ಡಿಸ್ಕಿನಲ್ಲಿ, ಪೇಟೆಯ ಶಾಖೆಯ ಕಬ್ಬಿಣದ ಬೀರುವಿನೊಳಗೆ. ಡಿಸ್ಕನ್ನು ಪ್ರತಿ ಸೋಮವಾರ ಗೊಬ್ಬರದ ವ್ಯಾನಿನಲ್ಲಿ ಕಳಿಸಿ ಹಿಂದಿನ ವಾರದ್ದನ್ನು ತರಿಸುತ್ತೇವೆ. ಮೂರು ತಿಂಗಳಿಗೊಮ್ಮೆ ನಕಲು ತೆರೆದು ಹತ್ತು ಸದಸ್ಯರ ಖಾತೆಯನ್ನು ತಾಳೆ ನೋಡಿ, ಫಲಿತಾಂಶವನ್ನು ಇದೇ ಪತ್ರಿಕೆಯಲ್ಲಿ ಪ್ರಕಟಿಸುತ್ತೇವೆ. ಮುಚ್ಚುವ ಅವಧಿಯಲ್ಲಿಯೂ ಹಿಂದಿನ ದಿನದ ಧಾರಣೆಯ ಪುಟವೊಂದು ತೆರೆದೇ ಇರುವಂತೆ ಬೇರೆ ಕಡೆ ಇಡಲು ಹೇಳಿದ್ದೇನೆ. ಒಲೆಯ ಮುಂದೆ ಕುಳಿತವರಿಗೆ ಬೇಕಾದ್ದು ಮುಖ್ಯವಾಗಿ ಅದು ತಾನೆ. ಇಷ್ಟರಿಂದ ಮುಚ್ಚುವ ಹೊತ್ತು ಮೊದಲಿನ ಹಾಗೆ ಕಾಲು ಗಂಟೆಗೆ ಇಳಿಯಬೇಕು.

ಕೋಷ್ಟಕಗಳನ್ನು ಹೊಸ ಬಗೆಗೆ ಬದಲಿಸಿ ಮುಚ್ಚುವುದನ್ನೇ ನಿಲ್ಲಿಸುವ ಕೆಲಸಕ್ಕೆ ಹಣ ಬೇಕು, ಅದು ಸಭೆಯ ಒಪ್ಪಿಗೆಗೆ ಬರುತ್ತದೆ. ಒಪ್ಪಿಗೆ ಸಿಕ್ಕರೂ ಸುಗ್ಗಿಯ ನಡುವೆ ಅದಕ್ಕೆ ಕೈ ಹಾಕಬಾರದೆಂಬುದು ನನ್ನ ಅಭಿಪ್ರಾಯ. ರೊಬಸ್ಟಾದ ಲೆಕ್ಕವೆಲ್ಲ ಮುಗಿದು ಮಳೆ ಹಿಡಿದ ಮೇಲೆ ಆಗಬೇಕು. ಖರ್ಚು ದುಬಾರಿ, ಕಾಲು ಗಂಟೆ ಸಹಿಸಿಕೊಳ್ಳುತ್ತೇವೆ ಎಂದು ಸಭೆ ತೀರ್ಮಾನಿಸಿದರೆ ಅದಕ್ಕೂ ನನ್ನ ಆಕ್ಷೇಪಣೆಯಿಲ್ಲ. ಮೂರು ತಿಂಗಳ ತಾಳೆಯ ಖರ್ಚನ್ನು ಮಾತ್ರ ಕತ್ತರಿಸಬಾರದು.

ಸಭೆಯ ನೋಟೀಸು ಪ್ರತ್ಯೇಕವಾಗಿ ತಲುಪುತ್ತದೆ. ಅಂದು ಬರುವಾಗ ಈ ಸುಗ್ಗಿಯ ತೂಕದ ಚೀಟಿಗಳಲ್ಲಿ ಕೈಗೆ ಸಿಕ್ಕಿದ ನಾಲ್ಕನ್ನು ತನ್ನಿ. ಎರಡನೇ ಕಂಪ್ಯೂಟರನ್ನು ಸಭಾಂಗಣದ ಬಾಗಿಲ ಬಳಿ ಇಟ್ಟಿರುತ್ತೇವೆ. ನಕಲಿನಿಂದ ತೆಗೆದ ನಿಮ್ಮ ಖಾತೆಯನ್ನು ನಿಮ್ಮ ಚೀಟಿಯೊಂದಿಗೆ ಊಟಕ್ಕೆ ಮುಂಚೆ ನೀವೇ ತಾಳೆ ನೋಡಬಹುದು.